ಗದರಿದವರೇ ಮೊದಲು ಮಾತಾಡಿಸಬೇಕು

ನಿಘಂಟು ತೆಗೆದು ನೋಡಿದರೆ ಬೈಯುವುದು, ಗದರುವುದು, ಜಬರಿಸುವುದು, ಉಗಿಯುವುದು ಎಲ್ಲವೂ ಒಂದೇ ಮನೆಯ ಮಕ್ಕಳಂತೆ ಸಾಲಾಗಿ ಕುಳಿತಿರುತ್ತವೆ. ಸಿಟ್ಟಿನಿಂದ ಆಡುವ ಮಾತು ಎಂದು ಎಲ್ಲಕ್ಕೂ ಒಂದೇ ಅರ್ಥ ಬರೆದು ನಿಘಂಟಿನವರು ಮುಂದಿನ ಪುಟಕ್ಕೆ ಹೋಗಿಬಿಟ್ಟಿದ್ದಾರೆ. ಅವರು ಒಂದೇ ಒಂದು ದಿನ ಕುರುಗೋಡಿನ ಒಂದು ಸರಕಾರಿ ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಬೈಯಬೇಕಾದರೆ ಬಾಯಲ್ಲಿ ಕೆಟ್ಟ ಮಾತಿರಬೇಕು. ಜಬರಿಸಬೇಕಾದರೆ ಕೈಯಲ್ಲಿ ಅಧಿಕಾರವಿರಬೇಕು. ಸಾಹೇಬರು ಗುಮಾಸ್ತನನ್ನು ಜಬರಿಸುತ್ತಾರೆ, ಗುಮಾಸ್ತ ಜವಾನನನ್ನು ಜಬರಿಸುತ್ತಾನೆ, ಜವಾನ ಕಾಗದ ಹಿಡಿದು ಬಂದ ರೈತನನ್ನು ಜಬರಿಸುತ್ತಾನೆ. ಉಗಿಯಬೇಕಾದರೆ ಎದುರಿಗಿರುವವರ ಮೇಲೆ ಹೇಸಿಗೆ ಹುಟ್ಟಿರಬೇಕು. ಇನ್ನು ತರಾಟೆಗೆ ತೆಗೆದುಕೊಳ್ಳುವುದು ಪತ್ರಿಕೆಗಳಲ್ಲಿ ಮಾತ್ರ ನಡೆಯುವ ವ್ಯವಹಾರ. ಬಳ್ಳಾರಿ ಜಿಲ್ಲೆಯ ಯಾವ ತಾಯಿಯೂ ತನ್ನ ಮಗನನ್ನು ತರಾಟೆಗೆ ತೆಗೆದುಕೊಂಡದ್ದನ್ನು ಕಂಡವರಿಲ್ಲ.

ಗದರುವುದು ಬೇರೆ. ದನಿ ಏರುತ್ತದೆ, ಕಣ್ಣು ದೊಡ್ಡದಾಗುತ್ತದೆ, ಕೈ ಸೊಂಟಕ್ಕೆ ಹೋಗುತ್ತದೆ, ಆದರೆ ಒಂದು ಹೊಲಸು ಮಾತು ಹೊರಗೆ ಬರುವುದಿಲ್ಲ. ಬೀದಿಯಲ್ಲಿ ಹೋಗುವವರನ್ನು ಯಾರೂ ಗದರುವುದಿಲ್ಲ. ಗದರುವುದಕ್ಕೆ ಎದುರಿಗಿರುವವರು ನಮ್ಮವರಾಗಿರಬೇಕು. ನಮ್ಮವರು ಹೌದೋ ಅಲ್ಲವೋ ಎಂಬುದನ್ನು ಮಾತ್ರ ಗದರುವವರೇ ತೀರ್ಮಾನ ಮಾಡಿರುತ್ತಾರೆ, ಗದರಿಸಿಕೊಳ್ಳುವವರನ್ನು ಯಾರೂ ಕೇಳಿರುವುದಿಲ್ಲ. ಈ ಕಥೆಯ ಗೋಳೆಲ್ಲ ಇರುವುದು ಅಲ್ಲೇ.

ದಾಕ್ಷಾಯಣಮ್ಮ ಆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು. ಊರು ರೂಪನಗುಡಿ. ಹದಿನೇಳನೆಯ ವಯಸ್ಸಿಗೆ ಕುರುಗೋಡಿಗೆ ಸೊಸೆಯಾಗಿ ಬಂದಳು. ಗಂಡ ಚನ್ನಬಸವರಾಜ ಹತ್ತಿ ಅಂಗಡಿಯಲ್ಲಿ ತೂಕ ನೋಡುತ್ತಿದ್ದ, ಒಳ್ಳೆಯ ಮನುಷ್ಯ, ಆದರೆ ತುಟಿ ಬಿಚ್ಚಿದರೆ ಮುತ್ತು ಉದುರಿ ಹೋಗುತ್ತದೇನೋ ಎಂಬಂತೆ ಇರುತ್ತಿದ್ದ. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಉಂಡ, ಕಮ್ಮಿಯಾದರೂ ಉಂಡ. ಆ ಮನೆಯಲ್ಲಿ ಮಾತು ಅಂತ ಇದ್ದದ್ದು ಅತ್ತೆಗೆ ಮಾತ್ರ. ಅತ್ತೆ ಗದರಿದರೆ ಮಾಡಿನ ಮೇಲಿನ ಪಾರಿವಾಳಗಳು ಹಾರುತ್ತಿದ್ದವು.

ಅತ್ತೆಯದು ಒಂದು ಪದ್ಧತಿಯಿತ್ತು. ಗದರಿದವರೇ ಮೊದಲು ಮಾತಾಡಿಸಬೇಕು, ಅದೂ ಊಟಕ್ಕೆ ಕರೆದೇ ಮಾತಾಡಿಸಬೇಕು. ಬೆಳಿಗ್ಗೆ ಸೊಸೆಯ ಮೇಲೆ ಎಷ್ಟೇ ಹಾರಾಡಿರಲಿ, ಹೊತ್ತು ಮುಳುಗುವುದರೊಳಗೆ "ಉಣ್ಣು ಬಾರ" ಎಂದು ಕರೆಯುತ್ತಿದ್ದಳು. ಅಲ್ಲಿಗೆ ಅದು ಮುಗಿಯಿತು. ತಪ್ಪಾಯಿತು ಎಂದು ಇವಳು ಹೇಳುವ ಹಾಗಿಲ್ಲ, ಸಿಟ್ಟು ಮಾಡಿದೆ ಎಂದು ಅವಳೂ ಹೇಳುವುದಿಲ್ಲ. ಕುರುಗೋಡು ಸುತ್ತಿನ ಹಳೆಯ ಮನೆಗಳಲ್ಲಿ ಈ ಕ್ರಮ ಈಗಲೂ ಅಲ್ಲಲ್ಲಿ ಉಳಿದಿದೆ. ಅತ್ತೆ ಸತ್ತ ಎರಡು ವರ್ಷಕ್ಕೆ ಚನ್ನಬಸವರಾಜನೂ ಹೋದ. ಮಕ್ಕಳಾಗಿರಲಿಲ್ಲ. ದಾಕ್ಷಾಯಣಮ್ಮನಿಗೆ ಆಗ ಇನ್ನೂ ನಲವತ್ತು ತುಂಬಿರಲಿಲ್ಲ. ಅತ್ತೆಯ ಮನೆ ಉಳಿಯಿತು, ಅತ್ತೆಯ ದನಿ ಉಳಿಯಿತು, ಅದನ್ನು ಯಾರ ಮೇಲೆ ಬಳಸುವುದೆಂದು ಗೊತ್ತಿರಲಿಲ್ಲ.

ಮೂರು ವರ್ಷದ ಮೇಲೆ ಶಾಲೆಯ ಅಡುಗೆ ಕೆಲಸ ಸಿಕ್ಕಿತು. ಸಹಾಯಕಿಯಾಗಿ ಬಂದವಳು ಹುಲುಗಮ್ಮ. ಇವಳಿಗಿಂತ ಹತ್ತು ವರ್ಷ ಚಿಕ್ಕವಳು, ಊರ ಹೊರಗಿನ ಕಾಲೊನಿಯವಳು, ಗಂಡ ಎರ್ರಿ ಎಂಬವನು ಕಲ್ಲು ಒಡೆಯುವ ಕೆಲಸದಲ್ಲಿದ್ದು ಎದೆಬೇನೆಯಿಂದ ಸತ್ತಿದ್ದ, ರೇಣುಕಾ ಎಂಬ ಒಬ್ಬಳೇ ಮಗಳು. ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ಹುಲುಗಮ್ಮ ಅಕ್ಕಿಯನ್ನು ಕಲ್ಲು ಆರಿಸದೆ ತೊಳೆಯಲು ಹಾಕಿದಳು.

"ಲೇ ಹುಲಿಗಿ! ಹುಡುಗರ ಬಾಯಾಗ ಹಳ್ಳು ಬಂದ್ರ ನಿನ್ನ ಹಲ್ಲು ಕಿತ್ತು ಕೊಡ್ತೀಯೇನು?"

ಅಂಗಳದಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳು ಗಪ್‌ಚಿಪ್ಪಾದರು. ಹುಲುಗಮ್ಮ ಅಕ್ಕಿಯನ್ನು ತಿರುಗಿ ಮೊರಕ್ಕೆ ಸುರಿದುಕೊಂಡಳು. ಮಕ್ಕಳೆಲ್ಲ ಉಂಡು ಹೋದ ಮೇಲೆ ದಾಕ್ಷಾಯಣಮ್ಮ ಒಂದು ತಟ್ಟೆಗೆ ಅನ್ನ ಸಾರು ಹಾಕಿ, "ಬಾರ, ಉಣ್ಣು" ಎಂದಳು. ಆ ದಿನದಿಂದ ಹದಿನಾರು ವರ್ಷ ಇದು ಹೀಗೆಯೇ ನಡೆಯಿತು. ಬೇಳೆ ಬೇಯದಿದ್ದರೆ ಗದರಿಕೆ, ತಡವಾಗಿ ಬಂದರೆ ಗದರಿಕೆ, ಜ್ವರ ಬಂದದ್ದನ್ನು ಮುಚ್ಚಿಟ್ಟು ಕೆಲಸಕ್ಕೆ ಬಂದರೆ ಎಲ್ಲಕ್ಕಿಂತ ದೊಡ್ಡ ಗದರಿಕೆ. ರೇಣುಕಾಳ ಮದುವೆ ಸಿರುಗುಪ್ಪದ ಕಡೆ ಗೊತ್ತಾದಾಗ ಹುಡುಗನನ್ನು ಸರಿಯಾಗಿ ವಿಚಾರಿಸಿಲ್ಲವೆಂದು ಇಡೀ ಒಂದು ವಾರ ಗದರಿದ್ದಳು. ಮನೆಗೆ ಹೋದರೆ ದಾಕ್ಷಾಯಣಮ್ಮನ ಬಾಯಿಗೆ ಕೆಲಸವಿರಲಿಲ್ಲ. ಟೀವಿ ಹಚ್ಚಿ ಅದರ ಮುಂದೆ ರೊಟ್ಟಿ ಮುರಿಯುತ್ತ ಕೂಡುತ್ತಿದ್ದಳು, ಬೆಳಗಾದರೆ ಸಾಕು ಶಾಲೆಗೆ ಓಡುತ್ತಿದ್ದಳು.

ಅಡುಗೆ ಕೋಣೆಯಲ್ಲಿ ಆಕೆ ಸಾವಿರ ಸಲ ಹೇಳಿದ ಮಾತೊಂದಿತ್ತು. ಒಲೆಯ ಮೇಲಿನ ದೊಡ್ಡ ಪಾತ್ರೆಯನ್ನು ಇಳಿಸುವಾಗ ಹಸಿ ಅರಿವೆ ಹಿಡಿಯಬಾರದು. ಒಣ ಅರಿವೆಯಾದರೆ ಕಾವು ತಡೆಯುತ್ತದೆ. ಹಸಿ ಅರಿವೆಯೊಳಗೆ ಆವಿ ಎದ್ದು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕೈ ಸುಡುತ್ತದೆ. ಹೋದ ವರ್ಷದ ಜನವರಿಯಲ್ಲಿ ಒಂದು ಮುಂಜಾನೆ ಹುಲುಗಮ್ಮ ಅರಿವೆಗಳನ್ನು ಒಗೆದು ಹಾಕಿದ್ದಳು. ಚಳಿಗೆ ಅವು ಒಣಗಿರಲಿಲ್ಲ. ದಾಕ್ಷಾಯಣಮ್ಮ ಸೆರಗು ಹಿಡಿದು, ಹುಲುಗಮ್ಮ ಹಸಿ ಅರಿವೆಯನ್ನೇ ಹಿಡಿದು ಸಾರಿನ ಪಾತ್ರೆಗೆ ಕೈ ಹಾಕಿದರು. ದಾಕ್ಷಾಯಣಮ್ಮ "ಎತ್ತು" ಎಂದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹುಲುಗಮ್ಮ ಅಯ್ಯೋ ಎಂದು ಕೈ ಬಿಟ್ಟಳು. ಕುದಿಯುವ ಸಾರು ದಾಕ್ಷಾಯಣಮ್ಮನ ಎಡಗಾಲಿನ ಮೇಲೆ ಸುರಿಯಿತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಮೂರನೆಯ ದಿನ ಶಾಲೆಯ ಮುಖ್ಯೋಪಾಧ್ಯಾಯ ಚಿದಾನಂದಪ್ಪ ಕಾಗದ ಪೆನ್ನು ಹಿಡಿದು ಬಂದರು. ಘಟನೆ ಹೇಗಾಯಿತೆಂದು ಮೇಲಿನವರಿಗೆ ಬರೆದು ಕಳಿಸಬೇಕಾಗಿತ್ತು. ಅವರ ಹಿಂದೆಯೇ ಹುಲುಗಮ್ಮ ಬಂದು ಮಂಚದ ಕಾಲ ಬದಿಗೆ ನಿಂತಳು. ಅವಳ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು.

"ನನ್ನ ಕಾಲೇ ಜಾರಿತ್ರಿ ಸರ" ಎಂದಳು ದಾಕ್ಷಾಯಣಮ್ಮ. "ಹುಲುಗಮ್ಮಂದು ಏನೇನೂ ತಪ್ಪಿಲ್ಲ. ಹಂಗ ಬರ್ಕೊಳ್ರಿ."

ಹಾಗೆ ಹೇಳದಿದ್ದರೆ ಹುಲುಗಮ್ಮನ ಕೆಲಸ ಹೋಗುತ್ತಿತ್ತು. ಅದು ದಾಕ್ಷಾಯಣಮ್ಮನಿಗೆ ಗೊತ್ತಿತ್ತು, ಚಿದಾನಂದಪ್ಪನವರಿಗೂ ಗೊತ್ತಿತ್ತು. ಅವರು ಹಾಗೆಯೇ ಬರೆದುಕೊಂಡು ಹೋದರು. ಹುಲುಗಮ್ಮ ಮಾತ್ರ ನಿಂತೇ ಇದ್ದಳು. ಅವಳು ಏನನ್ನೋ ಕಾಯುತ್ತಿದ್ದಾಳೆಂದು ದಾಕ್ಷಾಯಣಮ್ಮನಿಗೆ ಅನ್ನಿಸಿತು. ಗದರುವುದಕ್ಕೆ ಮಾತು ಗಂಟಲವರೆಗೂ ಬಂದಿತ್ತು. ಆದರೆ ಸುತ್ತ ಹತ್ತು ಮಂಚ, ಹತ್ತು ಮನೆಯ ಜನ. ಕಾಲು ಬೆಂಕಿ ಹಚ್ಚಿದಂತೆ ಉರಿಯುತ್ತಿತ್ತು. ಎದುರಿಗೆ ನಿಂತವಳ ಕಣ್ಣಲ್ಲಿ ನೀರು ಬೇರೆ. ಪಾಪ, ಈಗೇನು ಗದರುವುದು ಎಂದುಕೊಂಡಳು.

"ಇರ್ಲಿ ಬಿಡು. ಹೋಗು, ಬಸ್ಸಿಗೆ ಹೊತ್ತಾತು" ಎಂದು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಹುಲುಗಮ್ಮ ಇರಲಿಲ್ಲ.

ಎರಡು ತಿಂಗಳ ಮೇಲೆ ಕುಂಟುತ್ತ ಶಾಲೆಗೆ ಹೋದರೆ ಒಲೆಯ ಮುಂದೆ ಮೀನಾ ಎಂಬ ಹೊಸ ಹುಡುಗಿ ಇದ್ದಳು. ಹುಲುಗಮ್ಮ ತಾನಾಗಿಯೇ ಕೆಲಸ ಬಿಟ್ಟು ಸಿರುಗುಪ್ಪಕ್ಕೆ, ಮಗಳ ಮನೆಗೆ ಹೋಗಿ ಅಕ್ಕಿ ಗಿರಣಿಯಲ್ಲಿ ಸೇರಿಕೊಂಡಿದ್ದಳಂತೆ. ಕೆಲಸ ಉಳಿಸಿಕೊಟ್ಟರೆ ಕೆಲಸವನ್ನೇ ಬಿಟ್ಟು ಹೋದಳಲ್ಲ, ಇವಳಿಗೆ ಎಷ್ಟು ಸೊಕ್ಕು ಎಂದು ದಾಕ್ಷಾಯಣಮ್ಮನಿಗೆ ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಉಳಿದದ್ದು ಬರೀ ಖಾಲಿ ಖಾಲಿ.

ಹುಲುಗಮ್ಮನ ಫೋನ್ ನಂಬರು ಇತ್ತು. ಬೆರಳು ಒತ್ತಿದರೆ ಮುಗಿಯಿತು. ಆದರೆ ಪದ್ಧತಿ ಎಂಬುದೊಂದು ಇದೆಯಲ್ಲ. ಗದರಿದ್ದರೆ ದಾಕ್ಷಾಯಣಮ್ಮನೇ ಮೊದಲು ಮಾತಾಡಿಸಬೇಕಾಗಿತ್ತು, ಎರಡನೆಯ ಯೋಚನೆ ಇಲ್ಲದೆ ಮಾತಾಡಿಸುತ್ತಿದ್ದಳು. ಗದರಿರಲಿಲ್ಲ. ಹಾಗಾಗಿ ಮೊದಲ ಮಾತು ಯಾರದೂ ಆಗಿರಲಿಲ್ಲ. ಕೈ ಬಿಟ್ಟವಳು ಅವಳು, ಅವಳೇ ಮಾಡಲಿ ಎಂದು ಇವಳು ಕುಳಿತಳು. ಅಲ್ಲಿ ಸಿರುಗುಪ್ಪದಲ್ಲಿ ಅವಳು ಏನೆಂದುಕೊಂಡು ಕುಳಿತಿದ್ದಳೋ ಇವಳಿಗೆ ಗೊತ್ತಿರಲಿಲ್ಲ. ಇಂಥ ಮೂರ್ಖತನ ಬೇರೆ ಊರಿನವರು ಮಾಡಲಾರರು. ಯುಗಾದಿ ಹೋಯಿತು, ಪಂಚಮಿ ಹೋಯಿತು, ದೀಪಾವಳಿ ಹೋಯಿತು, ಫೋನು ಎರಡೂ ಕಡೆ ಸುಮ್ಮನಿತ್ತು.

ಮೀನಾ ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು. ಒಂದು ದಿನ ಅವಳು ಒಗ್ಗರಣೆ ಸೀಯಿಸಿದಾಗ ದಾಕ್ಷಾಯಣಮ್ಮ ಹಳೆಯ ರೂಢಿಯಲ್ಲಿ ದನಿ ಏರಿಸಿದಳು. ಮೀನಾ ಸೌಟು ಕೆಳಗಿಟ್ಟು, ಮುಖ ಕೆಡಿಸಿಕೊಳ್ಳದೆ ಹೇಳಿದಳು: "ಅಮ್ಮಾ, ತಪ್ಪಾಗಿದ್ರ ತಿಳಿಸಿ ಹೇಳ್ರಿ, ಕಲೀತೀನಿ. ಹಂಗ ಒದರಬ್ಯಾಡ್ರಿ. ನಮ್ಮವ್ವನೂ ನನಗ ಹಂಗ ಅಂದಿಲ್ಲ." ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ? ನ್ಯಾಯವಾಗಿ ಹೇಳಬೇಕೆಂದರೆ ಏನೂ ಇಲ್ಲ. ಗದರಿಕೆ ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಈಗಿನವರಿಗೆ ಬಂದಿದೆ, ಅಷ್ಟೇ. ದಾಕ್ಷಾಯಣಮ್ಮ "ಆತವಾ" ಎಂದಳು. ಅಂದಿನಿಂದ ಅಡುಗೆ ಕೋಣೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ದೊಡ್ಡ ದನಿ ಕೇಳಲಿಲ್ಲ.

ಈ ಮಾರ್ಚಿಗೆ ಅರವತ್ತು ತುಂಬಿತು, ಕೆಲಸ ಮುಗಿಯಿತು. ಬೀಳ್ಕೊಡುವ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಚಿದಾನಂದಪ್ಪ ಭಾಷಣ ಮಾಡಿದರು. "ದಾಕ್ಷಾಯಣಮ್ಮನವರು ಇಷ್ಟು ವರ್ಷದಲ್ಲಿ ಯಾರ ಮನಸ್ಸನ್ನೂ ನೋಯಿಸದೆ, ಯಾರಿಗೂ ಒಂದು ಗಟ್ಟಿ ಮಾತು ಆಡದೆ ಸೇವೆ ಸಲ್ಲಿಸಿದ್ದಾರೆ" ಎಂದರು. ಶಿಕ್ಷಕರು ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧ ಜನ ಕೈ ತೊಳೆಯದೆ ಬಡಿಸಲು ಬಂದು ಆಕೆಯಿಂದ ಗದರಿಸಿಕೊಂಡವರೇ. ದಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿಯಿತು. ಸತ್ತವರ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದಾರಲ್ಲ ಎನ್ನಿಸಿತು. ಎದ್ದು ನಿಂತು ಇದೆಲ್ಲ ಸುಳ್ಳೆಂದು ಹೇಳಿಬಿಡಬೇಕೆನಿಸಿ, ಹೇಳದೆ ಕೈ ಮುಗಿದು ಕುಳಿತಳು.

ಅಲ್ಲಿಂದ ತಮ್ಮನ ಮಗ ಅಮರೇಶ್ ಬಂದು ಆಕೆಯನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ಪಾರ್ವತಿನಗರದಲ್ಲಿ ಅವನದು ಎರಡಂತಸ್ತಿನ ಮನೆ. ತಮ್ಮ ತೀರಿಕೊಂಡಿದ್ದ. ಅಮರೇಶ್ ಔಷಧ ಅಂಗಡಿ ನೋಡಿಕೊಳ್ಳುತ್ತಿದ್ದ, ಅವನ ಹೆಂಡತಿ ಸೌಂದರ್ಯ ಬ್ಯಾಂಕಿನಲ್ಲಿದ್ದಳು. ಇಬ್ಬರೂ ಬಂಗಾರದಂಥವರು, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. "ಅತ್ತಿ, ಕುಂದ್ರಿ." "ಅತ್ತಿ, ನೀವ್ಯಾಕ ಏಳಾಕ ಹೋಗ್ತೀರಿ." "ಅತ್ತಿ, ಫ್ಯಾನು ಜೋರು ಮಾಡ್ಲೇನ್ರಿ?" ಕೆಳಗಿನ ಕೋಣೆಯನ್ನೇ ಆಕೆಗೆ ಬಿಟ್ಟುಕೊಟ್ಟರು, ಮಂಚಕ್ಕೆ ಮೆತ್ತನೆಯ ಹಾಸಿಗೆ ಹಾಕಿಸಿದರು. ಒಂಬತ್ತಕ್ಕೆ ಇಬ್ಬರೂ ಹೊರಟರೆ ಸಂಜೆಯವರೆಗೆ ಮನೆ ಭಣಭಣ. ಬಂದ ಮೇಲೂ ಮಾತು ಮೆತ್ತಗೆ, ನಡಿಗೆ ಮೆತ್ತಗೆ.

ಒಂದು ಮುಂಜಾನೆ ಹಾಲಿಗೆ ಇಟ್ಟು ದಾಕ್ಷಾಯಣಮ್ಮ ಕಿಟಕಿಯಾಚೆ ನೋಡುತ್ತ ನಿಂತಳು. ಹಾಲು ಉಕ್ಕಿತು. ಎರಡು ಲೀಟರ್ ಹಾಲು ಒಲೆ ತುಂಬಿ, ಕಟ್ಟೆ ತುಂಬಿ, ನೆಲಕ್ಕೆ ಇಳಿಯಿತು. ಸೌಂದರ್ಯ ಬ್ಯಾಂಕಿಗೆ ಹೊರಟವಳು ಸೀರೆ ಎತ್ತಿ ಹಿಡಿದು ಒಳಗೆ ಬಂದಳು. ದಾಕ್ಷಾಯಣಮ್ಮ ಕಾದಳು. ಈಗ ಏನಾದರೂ ಅನ್ನುತ್ತಾಳೆ, ಅನ್ನಲಿ ಎಂದು ಬೆನ್ನು ಬಿಗಿ ಹಿಡಿದು ಕಾದಳು.

"ಇರ್ಲಿ ಬಿಡ್ರಿ ಅತ್ತಿ. ನಾ ಒರೆಸ್ತೀನಿ, ನೀವು ಒಳಗ ನಡೀರಿ" ಎಂದಳು ಸೌಂದರ್ಯ.

ಎಷ್ಟು ಸಣ್ಣ ಮಾತು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಬೇಸರವೂ ಇರಲಿಲ್ಲ. ಆದರೆ ದಾಕ್ಷಾಯಣಮ್ಮನಿಗೆ ಯಾರೋ ತೋಳು ಹಿಡಿದು ಮನೆಯಿಂದ ಹೊರಗೆ ನಿಲ್ಲಿಸಿದಂತಾಯಿತು. ಸೊಸೆಯೊಬ್ಬಳ ಕೈಯಲ್ಲಿ ಹಾಲು ಉಕ್ಕಿದರೆ ಗದರುತ್ತಾರೆ, ಮಗಳ ಕೈಯಲ್ಲಿ ಉಕ್ಕಿದರೆ ಗದರುತ್ತಾರೆ. ಬಂದ ನೆಂಟರ ಕೈಯಲ್ಲಿ ಉಕ್ಕಿದರೆ ಇರಲಿ ಬಿಡ್ರಿ ಎನ್ನುತ್ತಾರೆ. ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತಾಗ ಆಸ್ಪತ್ರೆಯ ಆ ದಿನ ನೆನಪಾಯಿತು. ಮಂಚದ ಕಾಲ ಬದಿಗೆ ನಿಂತವಳು, ಅಂಗೈಗೆ ಬಟ್ಟೆ ಸುತ್ತಿಕೊಂಡವಳು, ಕಾಯುತ್ತಿದ್ದದ್ದು ಏನನ್ನೆಂದು ಈಗ ತಿಳಿಯಿತು. ಇರಲಿ ಬಿಡು ಎಂದು ತಾನೇ ಅವಳನ್ನು ಹೊರಗೆ ಕಳಿಸಿದ್ದಳು. ದಾಕ್ಷಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸೌಂದರ್ಯ ಅಷ್ಟರಲ್ಲಿ ನೆಲ ಒರೆಸಿ ಬಾಗಿಲು ಎಳೆದುಕೊಂಡು ಹೋಗಿದ್ದಳು.

ಮರುದಿನ ಆಕೆ ಚೀಲ ಹಿಡಿದು ಹೊರಟಳು. ಸಿರುಗುಪ್ಪಕ್ಕೆ ಹೋಗಿ, ಹುಲುಗಮ್ಮನನ್ನು ಕಂಡು, ಸಂಜೆಯ ಬಸ್ಸಿಗೆ ಕುರುಗೋಡಿನ ತನ್ನ ಮನೆ ಸೇರುವೆನೆಂದು ಹೇಳಿದಳು. "ಈ ಬಿಸಲಾಗ ಬ್ಯಾಡಾಗಿತ್ತು ಅತ್ತಿ. ಆದ್ರೂ ನಿಮ್ಮ ಇಷ್ಟ" ಎಂದ ಅಮರೇಶ್, ನಿಲ್ದಾಣದವರೆಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟು ಹೋದ.

ಬಸ್ಸಿನಲ್ಲಿ ಆಕೆ ಗದರಿಕೆಯನ್ನು ಬಾಯಿಪಾಠ ಮಾಡಿದಳು. ಒಂದು ವರ್ಷ ಮೂರು ತಿಂಗಳಷ್ಟು ತಡವಾದ ಗದರಿಕೆ ಅದು. ಲೇ ಹುಲಿಗಿ, ಹಸಿ ಅರಿವಿ ಹಿಡೀಬ್ಯಾಡ ಅಂತ ಎಷ್ಟು ಸಲ ಬಡ್ಕೊಂಡಿದ್ದೆ, ಕಿವಿ ಎಲ್ಲಿಟ್ಟಿದ್ದಿ? ಅಷ್ಟು ಅಂದುಬಿಟ್ಟರೆ ಸಾಕು. ಆಮೇಲೆ ಮೊದಲು ಮಾತಾಡಿಸುವ ಹಕ್ಕು ತನ್ನದಾಗುತ್ತದೆ. ತೆಕ್ಕಲಕೋಟೆ ದಾಟುವಾಗ ಪಕ್ಕದಲ್ಲಿ ಕುಳಿತ ಹೆಂಗಸು ಇವಳ ತುಟಿ ಅಲ್ಲಾಡುವುದನ್ನು ನೋಡಿ ಮಂತ್ರ ಹೇಳುತ್ತಿದ್ದಾಳೆಂದುಕೊಂಡು ಸ್ವಲ್ಪ ಸರಿದು ಕುಳಿತಳು.

ಸಿರುಗುಪ್ಪದಲ್ಲಿ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಗಿರಣಿಗಳ ಹಿಂದಿನ ಓಣಿ ಎಂದಷ್ಟೇ ಗೊತ್ತಿತ್ತು. ಎಡಗಾಲಿನ ಸುಟ್ಟ ಗಾಯ ಮಾದಿದ್ದರೂ ಚಪ್ಪಲಿಯ ಪಟ್ಟಿ ಅದರ ಮೇಲೆ ಉಜ್ಜಿದರೆ ಜೀವ ಹೋಗುತ್ತಿತ್ತು. ಅರ್ಧ ದಾರಿಯಲ್ಲಿ ಎಡಗಾಲಿನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಓಣಿಯ ಮನೆಗಳ ಗೋಡೆ, ತೊಟ್ಟಿ, ಒಣ ಹಾಕಿದ ಬಟ್ಟೆಯ ಮೇಲೆಲ್ಲ ಉಮಿಯ ಧೂಳು ಕುಳಿತಿತ್ತು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು "ಎವರಿಂಟಿಕಿ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ಯಾರ ಮನೆಗೆಂದು ಕೇಳಿದ್ದಕ್ಕೆ ಇವಳೂ ತೆಲುಗಿನಲ್ಲೇ ಹುಲುಗಮ್ಮನ ಹೆಸರು ಹೇಳಿ, ಮುದುಕಿ ತೋರಿಸಿದ ಬಾಗಿಲಿಗೆ ಹೋಗಿ ನಿಂತಳು. ಹದಿನಾರು ವರ್ಷ ಜೊತೆಗೆ ದುಡಿದರೂ ಹುಲುಗಮ್ಮನ ಮನೆಯೆದುರು ನಿಂತದ್ದು ಅದೇ ಮೊದಲು. ಕುರುಗೋಡಿನಲ್ಲಿದ್ದಾಗ ಕಾಲೊನಿಗೆ ಹೋಗಬೇಕೆಂದು ಹೊಳೆದಿರಲೇ ಇಲ್ಲ.

ರೇಣುಕಾ ಗುರುತು ಹಿಡಿದು ಗಾಬರಿಯಾದಳು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದ ನೆರಳಿಗೆ ಹಾಕಿದಳು. ಐದಕ್ಕೆ ಹುಲುಗಮ್ಮ ಗಿರಣಿಯಿಂದ ಬಂದಳು. ಕೂದಲಲ್ಲಿ ಉಮಿ, ಕುತ್ತಿಗೆಯಲ್ಲಿ ಬೆವರು, ಮೊದಲಿಗಿಂತ ಅರ್ಧ ಆಗಿದ್ದಳು. ಬಂದವಳು ಬಾಗಿಲ ಬಳಿ ಒಂದು ಗಳಿಗೆ ನಿಂತು, "ಬಂದ್ರೇನ್ರಿ? ಕುಂದ್ರಿ" ಎಂದಳು. ಮಗಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ರೇಣುಕಾ ಅಂಗಡಿಗೆ ಓಡಿಹೋಗಿ ಮುಚ್ಚಳ ತೆಗೆಯದ ತಂಪು ಪಾನೀಯದ ಬಾಟಲಿ ತಂದು ಹಾಗೆಯೇ ಕೈಗೆ ಕೊಟ್ಟಳು. ತಮ್ಮ ಮನೆಯ ನೀರು ಇವರಿಗೆ ನಡೆಯುತ್ತದೋ ಇಲ್ಲವೋ ಎಂದು ಆ ತಾಯಿ ಮಗಳಿಗೆ ಅನುಮಾನ. ಅನುಮಾನ ಬರುವಂತೆ ಹದಿನಾರು ವರ್ಷ ನಡೆದುಕೊಂಡವಳು ತಾನೇ ಎಂಬುದು ದಾಕ್ಷಾಯಣಮ್ಮನಿಗೆ ಆ ಬಾಟಲಿ ಹಿಡಿದಾಗ ಗೊತ್ತಾಯಿತು. ನಾಚಿಕೆಯಾಯಿತು. ಮುಚ್ಚಳ ತೆಗೆಯದೆ ತೊಡೆಯ ಮೇಲೆ ಇಟ್ಟುಕೊಂಡಳು.

ಈಗ ಗದರಬೇಕು. ದಾಕ್ಷಾಯಣಮ್ಮ ಉಸಿರು ಎಳೆದುಕೊಂಡಳು.

"ಲೇ ಹುಲಿಗಿ... ಹಸಿ ಅರಿವಿ ಹಿಡೀಬ್ಯಾಡ ಅಂತ ಹೇಳಿದ್ದೆ."

ದನಿ ಏರಲಿಲ್ಲ. ಬಹಳ ದಿನ ಬಳಸದೆ ಅದು ಎಲ್ಲೋ ಕುಸಿದುಹೋಗಿತ್ತು. ಮಾತು ಪಕ್ಕದ ಮನೆಯ ಸುದ್ದಿ ಹೇಳಿದಷ್ಟು ಸಪ್ಪೆಯಾಗಿ ಬಂತು, ಕೊನೆಗೆ ಕೆಮ್ಮು ಬಂತು.

"ಹೂನ್ರಿ, ಹೇಳಿದ್ರಿ" ಎಂದಳು ಹುಲುಗಮ್ಮ. ಬಾಗಿಲ ಹೊಸ್ತಿಲ ಮೇಲೆ ಕುಳಿತು ಕೂದಲಿನಿಂದ ಉಮಿ ಹೆಕ್ಕುತ್ತ ಮುಂದುವರಿಸಿದಳು: "ಅದನ್ನ ಹೇಳಾಕ ಇಷ್ಟು ದಿನ ಬೇಕಾತೇನ್ರಿ? ಎರಡು ರಾತ್ರಿ ಆಸ್ಪತ್ರಿ ಗೇಟಿನಾಗ ಮಲಗಿದ್ದೆ ನಾ. ಒಳಗ ಬಿಡಲಿಲ್ಲ. ಮೂರನೇ ದಿನ ಹೆಡ್‌ಮಾಸ್ತರ್ ಜೋಡಿ ಒಳಗ ಬಂದೆ. ಕಾಲು ಸುಟ್ಟೀನಿ, ಈಗ ಅಮ್ಮಾರು ಗದರತಾರ, ಗದರಿದ್ರ ಜೀವ ಹಗುರ ಆಕ್ಕತಿ ಅಂತ. ನೀವು ನನ್ನ ಮಾರಿನೂ ನೋಡಲಿಲ್ಲ."

"ನಿನ್ನ ಕೆಲಸ ಹೋಗ್ತಿತ್ತು ಲೇ."

"ಹೆಡ್‌ಮಾಸ್ತರ್ ಹೋದ ಮ್ಯಾಲಾರ ಗದರಬೇಕಿಲ್ಲೇನ್ರಿ?"

ಅದಕ್ಕಿದ್ದ ಉತ್ತರ ಒಂದೇ, ಪಾಪ ಅನ್ನಿಸಿತು ಎಂಬುದು. ಅದನ್ನು ಈ ಹೊಸ್ತಿಲ ಮುಂದೆ ಹೇಳಲು ಬಾಯಿ ಬರಲಿಲ್ಲ. ಬಂದ ಕೆಲಸ ಕೆಟ್ಟಿತು, ಇನ್ನು ಹೊರಡುವುದೇ ಸರಿ ಎಂದುಕೊಂಡಳು ದಾಕ್ಷಾಯಣಮ್ಮ. ಆರೂವರೆಗೆ ಕುರುಗೋಡಿನ ಕೊನೆಯ ಬಸ್ಸು. ಬಾಟಲಿಯನ್ನು ಕುರ್ಚಿಯ ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿ, "ಬರ್ತೀನವಾ" ಎಂದು ಎದ್ದಳು. ಚೀಲದ ಬಾಯಿಗೆ ಸಿಕ್ಕಿಸಿದ್ದ ಎಡ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಅಂಗಳಕ್ಕೆ ಹೆಜ್ಜೆ ಇಟ್ಟಳು.

ಹುಲುಗಮ್ಮ ಆಗ ಆ ಕಾಲನ್ನು ನೋಡಿದಳು. ಬೆರಳಿನಿಂದ ಹಿಮ್ಮಡಿಯವರೆಗೆ ಸುಕ್ಕುಗಟ್ಟಿದ ಬಿಳಿ ಚರ್ಮ, ಅಂಗಾಲಿಗೆ ರಸ್ತೆಯ ಡಾಂಬರು ಮೆತ್ತಿತ್ತು, ಹೆಬ್ಬೆರಳ ಕೆಳಗೆ ಹೊಸದಾಗಿ ಎದ್ದ ಬೊಬ್ಬೆ.

"ಏಯ್! ನಿಂದ್ರು!"

ಓಣಿಯ ಕಟ್ಟೆಯ ಮೇಲಿದ್ದ ಮುದುಕಿ ತಿರುಗಿ ನೋಡಿದಳು. ಹುಲುಗಮ್ಮ ಎದ್ದು ನಿಂತಿದ್ದಳು. ಕಣ್ಣು ಇಷ್ಟು ದೊಡ್ಡದಾಗಿತ್ತು, ಎರಡೂ ಕೈ ಸೊಂಟದ ಮೇಲಿದ್ದವು.

"ಬುದ್ಧಿ ಎಲ್ಲಿಟ್ಟು ಬಂದಿ? ಈ ಸುಡು ಬಿಸಲಾಗ, ಈ ಕಾಲಿಗೆ ಚಪ್ಲಿ ಇಲ್ದಂಗ ಬಸ್‌ಸ್ಟ್ಯಾಂಡಿನಿಂದ ನಡಕೊಂತ ಬಂದೀಯಲ್ಲ! ಆಟೋ ಸತ್ತಿದ್ವೇನು ಊರಾಗ? ಒಂದು ಫೋನ್ ಮಾಡಾಕ ಕೈ ಇದ್ದಿಲ್ಲೇನು ನಿನಗ? ಈಗ ಮತ್ತ ಹಂಗ ನಡಕೊಂತ ಹೊಂಟಾಳ! ಯಾರಿಗೆ ತೋರ್ಸಾಕ? ಆ ಕಾಲು ಮತ್ತ ಹುಣ್ಣಾತಂದ್ರ ನೋಡ್ಕೊಳ್ಳಾಕ ಯಾರದಾರ ನಿನಗ? ಹೇಳು, ಯಾರದಾರ?"

ರೇಣುಕಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಅವ್ವ ಈ ಅಮ್ಮನ ಮುಂದೆ ದನಿ ಎತ್ತಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನೀನು ಎಂದದ್ದನ್ನಂತೂ ಕನಸಿನಲ್ಲೂ ಕೇಳಿರಲಿಲ್ಲ.

ದಾಕ್ಷಾಯಣಮ್ಮನ ಕೈಯಿಂದ ಚಪ್ಪಲಿ ಬಿತ್ತು. ಅತ್ತೆ ಸತ್ತ ಮೇಲೆ ಆಕೆಯನ್ನು ಯಾರೂ ಗದರಿರಲಿಲ್ಲ. ಎದುರು ಮಾತಾಡಬೇಕೋ, ಅಳಬೇಕೋ, ಎಲ್ಲಿ ನೋಡಬೇಕೋ ಒಂದೂ ಗೊತ್ತಾಗಲಿಲ್ಲ.

"ಈಗ ನಾ ಏನ್ ಮಾಡ್ಲಿ ಲೇ?" ಎಂದು ಮೆಲ್ಲಗೆ ಕೇಳಿದಳು.

"ಸುಮ್ನ ಕುಂದ್ರು" ಎಂದಳು ಹುಲುಗಮ್ಮ. "ನಾ ಕುಂತಿದ್ದಿಲ್ಲೇನು, ಹದಿನಾರು ವರ್ಷ?"

ಅಷ್ಟು ಹೇಳಿ ಒಳಗೆ ಹೋದಳು. ದಾಕ್ಷಾಯಣಮ್ಮ ಕುರ್ಚಿಯ ಮೇಲೆ ಕುಳಿತಳು. ಒಳಗಿನಿಂದ ಪಾತ್ರೆಯ ಸದ್ದು, ಹಿಟ್ಟು ನಾದುವ ಸದ್ದು, ರೊಟ್ಟಿ ಬಡಿಯುವ ಸದ್ದು ಬಂತು. ಯಾರೂ ಹೊರಗೆ ಬರಲಿಲ್ಲ. ಸಿಟ್ಟು ಇಳಿಯಿತೋ ಇಲ್ಲವೋ ತಿಳಿಯದು. ಕೇಳುವಂತಿಲ್ಲ. ಎದ್ದು ಹೋಗುವಂತೆಯೂ ಇಲ್ಲ. ಹೀಗೆ ಕುಳಿತವರ ಎದೆಯಲ್ಲಿ ಏನೇನು ನಡೆಯುತ್ತದೆ ಎಂಬುದು ಸೊಸೆಯಾಗಿದ್ದಾಗ ಆಕೆಗೆ ಗೊತ್ತಿತ್ತು, ಸೌಟು ಕೈಗೆ ಬಂದ ಮೇಲೆ ಮರೆತಿತ್ತು. ಶಾಲೆಯ ಗೋಡೆಗೆ ಒರಗಿ, ಮಕ್ಕಳ ಊಟ ಮುಗಿಯುವವರೆಗೆ ಹುಲುಗಮ್ಮ ಹೀಗೆಯೇ ಕುಳಿತಿರುತ್ತಿದ್ದಳು. ತಾನು ಕರೆಯಲು ಎಷ್ಟು ಹೊತ್ತು ಮಾಡುತ್ತಿದ್ದೆ ಎಂದು ನೆನಪಿಸಿಕೊಂಡಳು. ಒಂದು ತಾಸು, ಕೆಲವು ಸಲ ಎರಡು ತಾಸು. ಒಂದು ತಾಸು ಇಷ್ಟು ಉದ್ದವಿರುತ್ತದೆ.

ಓಣಿಯಲ್ಲಿ ದೀಪ ಹತ್ತಿದವು. ಒಳಗಿನಿಂದ ಊಟಕ್ಕೆ ಹುಲುಗಮ್ಮನ ಕರೆ ಬಂದಾಗ ಕುರುಗೋಡಿನ ಕೊನೆಯ ಬಸ್ಸು ಹೋಗಿಯಾಗಿತ್ತು. ದಾಕ್ಷಾಯಣಮ್ಮ ಎದ್ದು, ಬಾಗಿಲ ಪಕ್ಕದ ಕೊಡದಿಂದ ನೀರು ತೆಗೆದುಕೊಂಡು ಕೈ ತೊಳೆದುಕೊಂಡಳು.